ಎಎಸಿ ಬ್ಲಾಕ್ ಗೋಡೆಗೆ ಯಾವ ಪ್ಲಗ್ ಹಿಡಿಯುತ್ತದೆ?

ಎಎಸಿ ಅಂದರೆ ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟು. ಇಂಥ ಮೆತ್ತನೆ ಬ್ಲಾಕ್ ಗೋಡೆಗೆ ಸಾಮಾನು ನೇತು ಹಾಕುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಅದನ್ನು ಓದಿಕೊಂಡರೆ ಉಳಿದವು ಸಲೀಸು.

ಪ್ರಶ್ನೆ: ನಮ್ಮ ಮನೆ ಗೋಡೆ ಎಎಸಿ ಬ್ಲಾಕಿನದು. ಟಿವಿ ಸ್ಟ್ಯಾಂಡ್ ಜತೆ ಬಂದ, ಸ್ಕ್ರೂ ಹಿಡಿಯಲು ತೂತಿಗೆ ಕೂರಿಸುವ ಪ್ಲಗ್ ಹಾಕಿ ಸ್ಕ್ರೂ ಬಿಗಿ ಮಾಡಲು ಹೋದರೆ ಪ್ಲಗ್ಗೇ ಗಿರಗಿರ ತಿರುಗುತ್ತದೆ. ಎರಡು ತೂತು ಆಗಲೇ ಹಾಳಾಗಿವೆ. ಸ್ಟ್ಯಾಂಡ್ ಮುಂದಕ್ಕೆ ಎಳೆಯುವ ಥರದ್ದು. ಇನ್ನೂ ದಪ್ಪ ಪ್ಲಗ್ ಹಾಕಲಾ? ತೂತಿಗೆ ಸಿಮೆಂಟ್ ತುಂಬಿ ಮತ್ತೆ ಕೊರೆಯಲಾ?

ಉತ್ತರ: ಎರಡೂ ಬೇಡ. ತಪ್ಪು ಪ್ಲಗ್ಗಿನ ದಪ್ಪದಲ್ಲಿಲ್ಲ, ಅದು ಗೋಡೆಯನ್ನು ಹಿಡಿಯುವ ರೀತಿಯಲ್ಲಿದೆ.

ಸ್ಟ್ಯಾಂಡ್ ಜತೆ ಬರುವ ಮಾಮೂಲಿ ನೈಲಾನ್ ಪ್ಲಗ್ ಏನು ಮಾಡುತ್ತದೆ ನೋಡಿ. ಸ್ಕ್ರೂ ಒಳಗೆ ಹೋದಂತೆ ಅದರ ಎರಡು ಕವಲು ಅಗಲವಾಗಿ ತೂತಿನ ಗೋಡೆಯನ್ನು ಒತ್ತುತ್ತವೆ. ಕಾಂಕ್ರೀಟು, ಗಟ್ಟಿ ಇಟ್ಟಿಗೆ ಆದರೆ ಆ ಒತ್ತಡವನ್ನು ವಾಪಸ್ ತಳ್ಳುತ್ತವೆ. ಆ ಬಿಗಿಯಲ್ಲೇ ಪ್ಲಗ್ ನಿಲ್ಲುವುದು. ಎಎಸಿ ಬ್ಲಾಕ್ ಹಾಗಲ್ಲ. ಸಿಮೆಂಟು, ಸುಣ್ಣ, ಮರಳು ಅಥವಾ ಹಾರುಬೂದಿಯ ಮಿಶ್ರಣಕ್ಕೆ ಚೂರು ಅಲ್ಯುಮಿನಿಯಂ ಪುಡಿ ಸೇರಿಸುತ್ತಾರೆ. ಅದರಿಂದ ಹೈಡ್ರೋಜನ್ ಗುಳ್ಳೆಗಳು ಎದ್ದು ಮಿಶ್ರಣ ಉಬ್ಬುತ್ತದೆ. ಆಮೇಲೆ ಸುಮಾರು 180–190 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ, ಒತ್ತಡದಡಿ ಬೇಯಿಸುತ್ತಾರೆ. ಕೈಗೆ ಬರುವ ಬ್ಲಾಕಿನ ಮುಕ್ಕಾಲು ಭಾಗದಷ್ಟು ಬರೀ ಗಾಳಿ. ಕಾಂಕ್ರೀಟಿನ ತೂಕ ಘನ ಮೀಟರಿಗೆ 2400 ಕೆ.ಜಿ. ಆಸುಪಾಸು ಇದ್ದರೆ ಇದರದ್ದು 450ರಿಂದ 650. ಒತ್ತಡ ತಡೆಯುವ ಬಲ ಚದರ ಮಿ.ಮೀ.ಗೆ 3–4 ನ್ಯೂಟನ್ ಅಷ್ಟೇ. ಇಂಥದ್ದರೊಳಗೆ ಪ್ಲಗ್ ಹಿಗ್ಗಿದರೆ ಸುತ್ತಲಿನ ಗುಳ್ಳೆಗಳು ಪುಡಿಯಾಗಿ ತೂತು ದೊಡ್ಡದಾಗುತ್ತದೆ. ಬೆಂಡಿಗೆ ಹೊಡೆದ ಮೊಳೆ ಇದ್ದ ಹಾಗೆ. ಇನ್ನೂ ದಪ್ಪ ಪ್ಲಗ್ ಹಾಕಿದರೆ ಇನ್ನೂ ಜಾಸ್ತಿ ಪುಡಿ, ಅಷ್ಟೇ.

ಇದರಲ್ಲಿ ಪ್ಲಗ್ಗಿನದ್ದೂ ತಪ್ಪಿಲ್ಲ ಬಿಡಿ. ಇಂಗ್ಲೆಂಡಿನ ಜಾನ್ ಜೋಸೆಫ್ ರಾಲಿಂಗ್ಸ್ 1911ರಲ್ಲಿ ಗೋಡೆ ಪ್ಲಗ್ಗಿನ ಪೇಟೆಂಟಿಗೆ ಅರ್ಜಿ ಹಾಕಿದಾಗ ಈ ಬ್ಲಾಕೇ ಇರಲಿಲ್ಲ. ಬ್ಲಾಕ್ ಬಂದದ್ದು 1920ರ ದಶಕದಲ್ಲಿ, ಸ್ವೀಡನ್ನಿನಲ್ಲಿ. ಇವತ್ತು ನಾವು ಬಳಸುವ ನೈಲಾನ್ ಪ್ಲಗ್ ರೂಪಿಸಿದ್ದು ಜರ್ಮನಿಯ ಆರ್ಟುರ್ ಫಿಶರ್, 1958ರಲ್ಲಿ. ಹಿಗ್ಗಿ ಹಿಡಿಯುವುದು ಗಟ್ಟಿ ಗೋಡೆಯ ಉಪಾಯ. ಮೆತ್ತನೆ ಗೋಡೆಗೆ ಬೇರೆ ಉಪಾಯ ಬೇಕು.

ಅಂಗಡಿಯಲ್ಲಿ ಬರೀ “8 ನಂಬರ್ ಪ್ಲಗ್ ಕೊಡಿ” ಅನ್ನಬೇಡಿ. “ಎಎಸಿ ಬ್ಲಾಕಿಗೆ ಹಾಕುವ ಪ್ಲಗ್” ಅಂತಲೇ ಕೇಳಿ. ಮುಖ್ಯವಾಗಿ ಮೂರು ಥರ ಸಿಗುತ್ತವೆ. ಒಂದು, ಮೈಮೇಲೆ ಸುರುಳಿ ರೆಕ್ಕೆ ಇರುವ ನೈಲಾನ್ ಪ್ಲಗ್. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ತಾನೇ ತಿರುಗುತ್ತಾ ಒಳಗೆ ಹೋಗಿ ಬ್ಲಾಕಿನಲ್ಲಿ ಸುರುಳಿ ಜಾಡು ಕೊರೆದುಕೊಳ್ಳುತ್ತದೆ. ಎಳೆತವನ್ನು ಆ ರೆಕ್ಕೆಗಳೇ ತಡೆಯುವುದರಿಂದ ತೂತನ್ನು ಜೋರಾಗಿ ಹಿಂಡಬೇಕಿಲ್ಲ. ಇನ್ನೊಂದು, ಅಗಲ ಮರೆಯ, ಅಂದರೆ ಮೈಮೇಲೆ ತಿರುಪಿನ ಸುತ್ತು ಇರುವ ಪ್ಲಗ್, ಸ್ಕ್ರೂ ಥರ ತಿರುಗಿಸಿ ಕೂರಿಸುವುದು. ಮೂರನೆಯದು, ನಾಲ್ಕು ಕಡೆ ಉಬ್ಬುವ ಉದ್ದನೆಯ ಪ್ಲಗ್. ಇದೂ ಹಿಗ್ಗಿಯೇ ಹಿಡಿಯುತ್ತದೆ, ಆದರೆ ಒತ್ತಡ ಒಂದೇ ಜಾಗಕ್ಕೆ ಬೀಳದೆ 60–80 ಮಿ.ಮೀ. ಉದ್ದಕ್ಕೂ ಹರಡುತ್ತದೆ. ಟಿವಿಗೆ ನನ್ನ ಆಯ್ಕೆ ಸುರುಳಿ ರೆಕ್ಕೆಯದು.

ಪ್ಯಾಕೆಟ್ ಹಿಂದಿನ ಪಟ್ಟಿಯನ್ನು ಓದದೆ ಮಾತ್ರ ಕೊಳ್ಳಬೇಡಿ. ಕಾಂಕ್ರೀಟಿಗೆ ಇಷ್ಟು, ಇಟ್ಟಿಗೆಗೆ ಇಷ್ಟು, ಎಎಸಿಗೆ ಇಷ್ಟು ಎಂದು ತಡೆಯುವ ಭಾರ ಬರೆದಿರುತ್ತದೆ. ಒಂದೇ ಪ್ಲಗ್ಗಿಗೆ ಕಾಂಕ್ರೀಟಿನ ಸಾಲಿಗೂ ಎಎಸಿ ಸಾಲಿಗೂ ಎಷ್ಟೋ ಪಟ್ಟು ವ್ಯತ್ಯಾಸ ಇರುತ್ತದೆ. ಮುಂಭಾಗದಲ್ಲಿ ದೊಡ್ಡಕ್ಷರದಲ್ಲಿರುವುದು ಬಹುಪಾಲು ಕಾಂಕ್ರೀಟಿನ ಅಂಕಿ. ಭಾರವನ್ನು ಕಿಲೋನ್ಯೂಟನ್ನಿನಲ್ಲಿ ಕೊಟ್ಟಿದ್ದರೆ ಗಾಬರಿ ಬೇಡ, 1 ಕಿಲೋನ್ಯೂಟನ್ ಅಂದರೆ ಹೆಚ್ಚುಕಮ್ಮಿ 100 ಕೆ.ಜಿ. ಎಎಸಿ ಪಕ್ಕದಲ್ಲಿ 2, 4 ಎಂಬ ಅಂಕಿ ಇದ್ದರೆ ಅದು ಬ್ಲಾಕಿನ ಬಲ. ನಿಮ್ಮ ಬ್ಲಾಕ್ ಯಾವುದು ಅಂತ ಗೊತ್ತಿಲ್ಲದಿದ್ದರೆ ಸಣ್ಣ ಅಂಕಿಯನ್ನೇ ಹಿಡಿಯಿರಿ. ಪಟ್ಟಿಯಲ್ಲಿ ಎಎಸಿ ಸಾಲೇ ಇಲ್ಲದ ಪ್ಲಗ್ ಈ ಗೋಡೆಗಲ್ಲ.

ಈಗ ನಿಮ್ಮ ಸ್ಟ್ಯಾಂಡ್ ವಿಷಯ. ಟಿವಿ ತೂಕ 10 ಕೆ.ಜಿ. ಅಂದುಕೊಳ್ಳೋಣ. 10 ಕೆ.ಜಿ.ಗೆ ನಾಲ್ಕು ಸ್ಕ್ರೂ, ತಲಾ ಎರಡೂವರೆ ಕೆ.ಜಿ. ಅಂತ ಲೆಕ್ಕ ಹಾಕುವವರೇ ಜಾಸ್ತಿ. ಟಿವಿ ಗೋಡೆಗೆ ಅಂಟಿಕೊಂಡಿದ್ದರೆ ಹತ್ತಿರ ಹತ್ತಿರ ಸರಿ. ಆದರೆ ತೋಳನ್ನು 45 ಸೆಂ.ಮೀ. ಮುಂದಕ್ಕೆ ಎಳೆದಾಗ ಟಿವಿ ಸ್ಟ್ಯಾಂಡಿನ ಕೆಳತುದಿಯನ್ನು ಆನಿಕೊಂಡು ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಕೀಳಲು ನೋಡುತ್ತದೆ. 10ನ್ನು 45ರಿಂದ ಗುಣಿಸಿ, 450. ಸ್ಟ್ಯಾಂಡಿನ ಮೇಲಿನ ಮತ್ತು ಕೆಳಗಿನ ತೂತುಗಳ ನಡುವೆ 15 ಸೆಂ.ಮೀ. ಇದ್ದರೆ ಅದರಿಂದ ಭಾಗಿಸಿ. 30 ಕೆ.ಜಿ. ಎಳೆತ, ಅಷ್ಟೂ ಮೇಲಿನ ಸ್ಕ್ರೂಗಳ ಮೇಲೆ. ಅದೇ ಟಿವಿಯನ್ನು ಗೋಡೆಯಿಂದ 6 ಸೆಂ.ಮೀ. ದೂರಕ್ಕೆ ಮಡಚಿಟ್ಟರೆ ಎಳೆತ ಬರೀ 4 ಕೆ.ಜಿ. ತೋಳಿನ ಸ್ವಂತ ತೂಕವನ್ನು ನಾನಿಲ್ಲಿ ಸೇರಿಸಿಲ್ಲ. ಯಾರಾದರೂ ಟಿವಿ ಹಿಡಿದು ತಿರುಗಿಸುವಾಗ ಬೀಳುವ ಜೋರನ್ನೂ ಸೇರಿಸಿಲ್ಲ.

ಹಾಗಾಗಿ ನಾನು ಹೇಳುವುದು, ಸ್ಟ್ಯಾಂಡನ್ನು ನೇರ ಗೋಡೆಗೆ ಹಾಕಬೇಡಿ. 18 ಮಿ.ಮೀ. ಪ್ಲೈವುಡ್ಡಿನ ಒಂದು ಹಲಗೆ, 60 ಸೆಂ.ಮೀ. ಎತ್ತರ, 40 ಸೆಂ.ಮೀ. ಅಗಲ ಸಾಕು. ಅದನ್ನು ಗೋಡೆಗೆ ಎಂಟು ಒಂಬತ್ತು ಕಡೆ ಪ್ಲಗ್ ಹಾಕಿ ಹಿಡಿಸಿ. ಮೇಲಿನ ಸಾಲಿಗೆ ಮೂರು ಬರಲಿ. ಸ್ಟ್ಯಾಂಡನ್ನು ಆ ಹಲಗೆಗೆ ನಟ್ಟು ಬೋಲ್ಟಿನಲ್ಲಿ ಕೂರಿಸಿ. ಬೋಲ್ಟಿನ ತಲೆ ಹಲಗೆಯ ಹಿಂಬದಿಗೆ ಬರಬೇಕು, ಅದು ಕೂರುವಷ್ಟು ಕುಳಿ ತೋಡಿಕೊಂಡರೆ ಹಲಗೆ ಗೋಡೆಗೆ ಸಮವಾಗಿ ಕೂರುತ್ತದೆ. ಈಗ ಮೇಲಿನ ಮತ್ತು ಕೆಳಗಿನ ಸಾಲಿನ ನಡುವೆ 50 ಸೆಂ.ಮೀ. ಸಿಕ್ಕಿತು. 450ನ್ನು 50ರಿಂದ ಭಾಗಿಸಿದರೆ 9 ಕೆ.ಜಿ. ಮೂರು ಸ್ಕ್ರೂಗೆ ಹಂಚಿದರೆ ತಲಾ 3. ಟಿವಿ ಅದೇ, ತೋಳು ಅದೇ. ಹಲಗೆಗೆ ಗೋಡೆ ಬಣ್ಣ ಬಳಿದರೆ ಟಿವಿ ಹಿಂದೆ ಇರುವುದೇ ಗೊತ್ತಾಗುವುದಿಲ್ಲ. ದುಬಾರಿ ಪ್ಲಗ್ಗಿಗಿಂತ ಈ ಹಲಗೆಯ ಮೇಲೆ ನನಗೆ ನಂಬಿಕೆ ಜಾಸ್ತಿ.

ತೂತು ಕೊರೆಯುವಾಗ ಡ್ರಿಲ್ ಮಷಿನ್ನಿನ ಹ್ಯಾಮರ್ ಆಫ್ ಮಾಡಿ. ಈ ಒಂದು ಮಾತು ಮರೆತರೆ ಮೇಲೆ ಹೇಳಿದ್ದೆಲ್ಲ ದಂಡ. ಹ್ಯಾಮರಿನ ಏಟಿಗೆ ತೂತಿನ ಸುತ್ತ ಬ್ಲಾಕ್ ಬಿರಿಯುತ್ತದೆ, ಬಾಯಿ ಆಲಿಕೆಯ ಹಾಗೆ ಅಗಲವಾಗುತ್ತದೆ. ಎಎಸಿಯನ್ನು ಕೈಗರಗಸದಲ್ಲೇ ಕೊಯ್ಯಬಹುದು, ಅದಕ್ಕೆ ಏಟು ಯಾಕೆ? ಪ್ಲಾಸ್ಟರ್ ದಾಟುವ ತನಕ ಗೋಡೆ ಬಿಟ್, ಆಮೇಲೆ ಹರಿತವಾದ ಮರದ ಬಿಟ್ ಆದರೂ ನಡೆಯುತ್ತದೆ. ಬಿಟ್ಟಿನ ಅಳತೆ ಪ್ಯಾಕೆಟ್ಟಿನಲ್ಲಿ ಹೇಳಿದಷ್ಟೇ ಇರಲಿ. ಉದ್ದ ಪ್ಲಗ್ ಹಾಕುವಾಗ ಬ್ಲಾಕ್ ತೀರಾ ಮೆತ್ತಗಿದ್ದರೆ ಅರ್ಧ ಅಥವಾ ಒಂದು ಮಿ.ಮೀ. ಸಣ್ಣದು ತಗೊಳ್ಳಿ. ಮಷಿನ್ ನೇರ ಹಿಡಿಯಿರಿ. ಒಳಗೆ ಹೊರಗೆ ಎಳೆದಾಡಿದರೆ ತೂತು ಅಂಡಾಕಾರ ಆಗುತ್ತದೆ. ಪುಡಿಯನ್ನು ಊದಿ ತೆಗೆಯಿರಿ, ಕಣ್ಣು ಮುಚ್ಚಿಕೊಂಡು!

ಪ್ಲಾಸ್ಟರ್ 12–15 ಮಿ.ಮೀ. ದಪ್ಪ ಇರುತ್ತದೆ. ಹಿಡಿತದ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ. ಪ್ಲಗ್ ಪೂರ್ತಿ ಬ್ಲಾಕಿನೊಳಗೆ ಇರಬೇಕು. 60 ಮಿ.ಮೀ. ಪ್ಲಗ್, 15 ಪ್ಲಾಸ್ಟರ್, 18 ಹಲಗೆ, ಮೇಲೆ ಸ್ಕ್ರೂ ದಪ್ಪದಷ್ಟು 6. ಒಟ್ಟು 99. ಅಂದರೆ 100 ಮಿ.ಮೀ. ಸ್ಕ್ರೂ ಬೇಕು. ಗೋಡೆಯ ತೂತಿನ ಆಳ ಸ್ಕ್ರೂ ಗೋಡೆಯೊಳಗೆ ಹೋಗುವಷ್ಟಕ್ಕಿಂತ ಒಂದು ಬೆರಳು ಜಾಸ್ತಿ ಇರಲಿ, ಇಲ್ಲವಾದರೆ ಉಳಿದ ಪುಡಿ ಸ್ಕ್ರೂವನ್ನು ತಡೆಯುತ್ತದೆ. ಇಷ್ಟು ಉದ್ದದ ಸ್ಕ್ರೂ 4 ಇಂಚಿನ ಗೋಡೆಗೆ ಆಚೆ ಬದಿಯ ಹತ್ತಿರ ಹೋಗುತ್ತದೆ, ಅಳೆದು ನೋಡಿ. ಬ್ಲಾಕಿನ ಅಂಚು, ಗೋಡೆ ಮೂಲೆ, ಕಿಟಕಿ ಪಕ್ಕ ಇವುಗಳಿಂದ 10 ಸೆಂ.ಮೀ. ದೂರ ಇರಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಲೇಬೇಡಿ. ಅಲ್ಲಿ ವೈರಿನ ಪೈಪು ಇರಬಹುದು. ಪೈಪು ತಪ್ಪಿದರೂ ಅದಕ್ಕಾಗಿ ಕೊರೆದ ಕಾಲುವೆ ಮುಚ್ಚಿದ ಗಾರೆಯಲ್ಲಿ ಪ್ಲಗ್ ನಿಲ್ಲುವುದಿಲ್ಲ.

ಕೊನೆಯ ನಾಲ್ಕು ಸುತ್ತು ಕೈಯಲ್ಲೇ ತಿರುಗಿಸಿ. ಸ್ಕ್ರೂ ತಲೆ ಹಲಗೆಗೆ ಕೂತು ಬಿಗಿ ಬಂತು ಅನಿಸಿದ ಕ್ಷಣ ನಿಲ್ಲಿಸಬೇಕು. “ಇನ್ನೊಂಚೂರು” ಅಂದಾಗಲೇ ಬ್ಲಾಕ್ ಸೋಲುವುದು. ಬಿಗಿ ಏರುತ್ತಾ ಏರುತ್ತಾ ಇದ್ದಕ್ಕಿದ್ದಂತೆ ಸಡಿಲ ಆಯಿತು ಅಂದರೆ ಆ ತೂತು ಮುಗಿಯಿತು. ಆಮೇಲೆ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಎಳೆದು ನೋಡಿ. ಅಂಚಿನ ಸುತ್ತ ಪ್ಲಾಸ್ಟರಿನಲ್ಲಿ ಕೂದಲಿನಷ್ಟು ಬಿರುಕು ಬಂದರೂ ಟಿವಿ ಹಾಕಬೇಡಿ.

ಹಳೆಯ ತೂತುಗಳಿಗೆ ಸಿಮೆಂಟ್ ತುಂಬಿ ಮತ್ತೆ ಅಲ್ಲೇ ಕೊರೆಯುವ ಯೋಚನೆ ಬಿಡಿ. ಒಣಗಿದ ಬ್ಲಾಕ್ ಸಿಮೆಂಟಿನ ನೀರನ್ನು ಹೀರಿಕೊಂಡುಬಿಡುತ್ತದೆ. ಸಿಮೆಂಟ್ ಗಟ್ಟಿಯಾಗುವ ಮೊದಲೇ ಒಣಗಿ ಪುಡಿಪುಡಿ ಆಗುತ್ತದೆ. ಪುಟ್ಟಿ ತುಂಬಿ ಮುಚ್ಚಿ, ಹೊಸ ತೂತು 10 ಸೆಂ.ಮೀ. ಆಚೆ ಹಾಕಿ.

ಪ್ರಶ್ನೆ: ಗೋಡೆ ಯಾವುದರದ್ದು ಅಂತಲೇ ನಮಗೆ ಗೊತ್ತಿಲ್ಲ, ಬಾಡಿಗೆ ಮನೆ. ಒಡೆಯದೆ ತಿಳಿಯೋದು ಹೇಗೆ?

ಉತ್ತರ: ಬಾಗಿಲ ಹಿಂದೆಯೋ ಕಪಾಟಿನ ಮರೆಯಲ್ಲೋ ಒಂದು ಸಣ್ಣ ತೂತು ಹಾಕಿ. ಮನೆ ಮಾಲೀಕರನ್ನು ಕೇಳಿಕೊಂಡೇ ಹಾಕಿ. ಹ್ಯಾಮರ್ ಬೇಡ. ಕೆಳಗೆ ಒಂದು ಕಾಗದ ಹಿಡಿದರೆ ಪುಡಿಯೇ ಹೇಳುತ್ತದೆ. ಮೊದಲು ಬರುವುದು ಪ್ಲಾಸ್ಟರಿನ ಬೂದು ಪುಡಿ, ಅದನ್ನು ಬಿಟ್ಟುಬಿಡಿ. ಆಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ. ಬಿಳಿ ಅಥವಾ ತಿಳಿ ಬೂದು ಬಣ್ಣದ ನಯವಾದ ಪುಡಿ ಬಂದು, ಬಿಟ್ ಸರಾಗವಾಗಿ ಒಳಗೆ ಹೋಗುತ್ತಿದ್ದರೆ ಎಎಸಿ. ಬಿಟ್ ಮುಂದೆ ಹೋಗದೆ ಕಿರುಗುಟ್ಟಿ ಬಿಸಿಯಾದರೆ ಕಾಂಕ್ರೀಟು, ಅಂದರೆ ಕಂಬವೋ ತೊಲೆಯೋ ಇರುತ್ತದೆ. ಭಾರದ ಸಾಮಾನಿಗೆ ಅದು ಒಳ್ಳೆಯ ಜಾಗ, ಎಲ್ಲಿದೆ ಅಂತ ಗುರುತು ಮಾಡಿಟ್ಟುಕೊಳ್ಳಿ. ಇನ್ನು ಎರಡು ಮೂರು ಸೆಂ.ಮೀ. ಹೋದ ಮೇಲೆ ಬಿಟ್ ದಡಕ್ಕನೆ ಒಳಗೆ ನುಗ್ಗಿದರೆ ಟೊಳ್ಳು ಬ್ಲಾಕ್.

ಪ್ರಶ್ನೆ: ಬಚ್ಚಲುಮನೆಯಲ್ಲಿ 25 ಲೀಟರ್ ಗೀಸರ್ ಹಾಕಬೇಕು. ಎಎಸಿ ಗೋಡೆ, ಮೇಲೆ ಟೈಲ್ಸ್. ಪ್ಲಂಬರ್ ಗೀಸರ್ ಜತೆ ಬಂದ ಕಬ್ಬಿಣದ ಆಂಕರ್ ಬೋಲ್ಟೇ ಸಾಕು ಅನ್ನುತ್ತಾರೆ.

ಉತ್ತರ: ಸಾಲದು. ನೀರೇ 25 ಕೆ.ಜಿ., ಗೀಸರಿನದ್ದು ಬೇರೆ. 35 ಕೆ.ಜಿ. ದಾಟಿತು ಅಂತಿಟ್ಟುಕೊಳ್ಳಿ. ಅದೂ ವರ್ಷಗಟ್ಟಲೆ, ಕೆಳಗೆ ಜನ ಸ್ನಾನ ಮಾಡುವ ಜಾಗದಲ್ಲಿ. ಕಬ್ಬಿಣದ ಆಂಕರ್ ಬೋಲ್ಟಿನ ತೋಳು ಚಿಕ್ಕ ಜಾಗದಲ್ಲಿ ಜೋರಾಗಿ ಹಿಗ್ಗುತ್ತದೆ. ಮೆತ್ತನೆ ಬ್ಲಾಕಿಗೆ ಇದರಷ್ಟು ಕೆಟ್ಟ ಜೋಡಿ ಇನ್ನೊಂದಿಲ್ಲ. ಹಾಕಿದ ದಿನ ಗಟ್ಟಿಯಾಗೇ ಕಾಣುತ್ತದೆ. ಅದೇ ಅಪಾಯ.

ಮೊದಲು ಕಾಂಕ್ರೀಟ್ ಕಂಬವೋ ತೊಲೆಯೋ ಹತ್ತಿರ ಇದೆಯಾ ನೋಡಿ. ಇದ್ದರೆ ಗೀಸರ್ ಜಾಗ ಒಂದಡಿ ಆಚೀಚೆ ಆದರೂ ಅಲ್ಲಿಗೇ ಹಾಕಿಸಿ. ಆಗ ಪ್ಲಂಬರ್ ಹೇಳಿದ ಬೋಲ್ಟೇ ನಡೆಯುತ್ತದೆ.

ಇಲ್ಲದಿದ್ದರೆ ಗೋಡೆಯ ಆರಪಾರು ತೂತು ಹಾಕುವುದೇ ಸರಿ. 10 ಮಿ.ಮೀ. ಮರೆಯುಳ್ಳ ಸರಳು, ಆಚೆ ಬದಿಗೆ ಅಂಗೈ ಅಗಲದ 5–6 ಮಿ.ಮೀ. ದಪ್ಪದ ಉಕ್ಕಿನ ತಗಡು, ಅದರ ಮೇಲೆ ವಾಷರ್, ನಟ್ಟು. ಮೇಲ್ಭಾಗದ ಎಳೆತ ಪೂರ್ತಿ ಆ ತಗಡಿಗೆ ಬೀಳುತ್ತದೆ, ಬ್ಲಾಕಿನ ಅಗಲ ಜಾಗಕ್ಕೆ ಹಂಚಿಹೋಗುತ್ತದೆ. ನಟ್ಟನ್ನು ತಗಡು ಗೋಡೆಗೆ ಕೂರುವಷ್ಟು ಮಾತ್ರ ಬಿಗಿ ಮಾಡಿ. ಪಕ್ಕದ ಕೋಣೆಯಲ್ಲಿ ತಗಡು ಕಾಣುತ್ತದೆ ಅಂತ ಮನೆಯವರು ಮುಖ ಸಿಂಡರಿಸಬಹುದು. ಪ್ಲಾಸ್ಟರ್ ಅಷ್ಟಗಲ ಕೆತ್ತಿ ತಗಡನ್ನು ಒಳಕ್ಕೆ ಕೂರಿಸಿ ಪುಟ್ಟಿ ಹಾಕಿದರೆ ಕಾಣುವುದಿಲ್ಲ.

ಆಚೆ ಬದಿಗೆ ಹೋಗಲಾಗದಿದ್ದರೆ ಕೆಮಿಕಲ್ ಆಂಕರ್, ಅಂದರೆ ತೂತಿಗೆ ಅಂಟು ತುಂಬಿ ಅದರಲ್ಲಿ ಸರಳು ನಿಲ್ಲಿಸುವುದು. ಅದರ ಬಗ್ಗೆ ಮುಂದಿನ ಉತ್ತರದಲ್ಲಿ ಇದೆ.

ಟೈಲ್ಸನ್ನು ಟೈಲ್ ಬಿಟ್ಟಿನಲ್ಲೇ, ಹ್ಯಾಮರ್ ಇಲ್ಲದೆ ಕೊರೆಯಿರಿ. ಜಾರದಂತೆ ಮೇಲೆ ಒಂದು ಟೇಪು ಅಂಟಿಸಿಕೊಳ್ಳಿ. ಪ್ಲಗ್ ಯಾವುದೇ ಇರಲಿ, ಟೈಲ್ಸ್ ದಾಟಿ ಒಳಗೆ ಹೋಗಿರಬೇಕು. ಟೈಲ್ಸಿನ ದಪ್ಪದಲ್ಲೇ ಹಿಗ್ಗಿದರೆ ಟೈಲ್ಸ್ ಬಿರಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಸರಳು, ಸ್ಕ್ರೂ ತಗೊಳ್ಳಿ. ಕೊನೆಗೆ ತೂತಿನ ಬಾಯಿಗೆ ಸಿಲಿಕೋನ್ ಹಾಕಲು ಮರೆಯಬೇಡಿ. ಎಎಸಿ ನೀರು ಹೀರುತ್ತದೆ. ಒದ್ದೆಯಾದ ಬ್ಲಾಕಿನ ಬಲ ಇನ್ನೂ ಕಮ್ಮಿ.

ಪ್ರಶ್ನೆ: ಕೆಮಿಕಲ್ ಆಂಕರ್ ಹಾಕಿದರೆ ಯಾವ ಗೋಡೆಯಾದರೂ ಕಾಂಕ್ರೀಟಿನಷ್ಟು ಗಟ್ಟಿ ಅಂತ ಅಂಗಡಿಯವರು ಹೇಳಿದರು. ನಿಜವಾ? ನಮ್ಮದು ಟೊಳ್ಳು ಬ್ಲಾಕ್.

ಉತ್ತರ: ಅಂಟು ಕಾಂಕ್ರೀಟಿಗಿಂತ ಗಟ್ಟಿ ಇರಬಹುದು. ಆದರೆ ಅದು ಅಂಟಿಕೊಂಡಿರುವುದು ನಿಮ್ಮ ಬ್ಲಾಕಿಗೇ ಅಲ್ವಾ? ಜಾಸ್ತಿ ಎಳೆದರೆ ಅಂಟಿನ ಸಮೇತ ಬ್ಲಾಕಿನ ತುಂಡು ಕಿತ್ತು ಬರುತ್ತದೆ. ಹಾಗಿದ್ದರೂ ಮೆತ್ತನೆ ಗೋಡೆಗೆ ಇದು ಒಳ್ಳೆಯ ದಾರಿಯೇ, ಯಾಕೆಂದರೆ ಗೋಡೆಯನ್ನು ಹಿಗ್ಗಿಸುವುದಿಲ್ಲ.

ಟೊಳ್ಳು ಬ್ಲಾಕಿಗೆ ಅಂಟನ್ನು ನೇರ ತುಂಬಿದರೆ ಎಲ್ಲ ಒಳಗಿನ ಪೊಟರೆಗೆ ಬಿದ್ದುಹೋಗುತ್ತದೆ. ಅದಕ್ಕೆ ಜಾಲರಿ ಕೊಳವೆ ಬರುತ್ತದೆ. ಅದನ್ನು ತೂತಿನೊಳಗೆ ಇಟ್ಟು, ತಳದಿಂದ ಬಾಯಿಯ ತನಕ ಅಂಟು ತುಂಬಬೇಕು. ಸರಳನ್ನು ಮೆಲ್ಲಗೆ ತಿರುಗಿಸುತ್ತಾ ಒಳಗೆ ತಳ್ಳಿದಾಗ ಅಂಟು ಜಾಲರಿಯ ಕಣ್ಣುಗಳಿಂದ ಹೊರಗೆ ಉಬ್ಬಿ ಬ್ಲಾಕಿನ ಒಳಗೋಡೆಗೆ ಕೊಂಡಿ ಹಾಕಿಕೊಳ್ಳುತ್ತದೆ. ಎಎಸಿಯಂಥ ಟೊಳ್ಳಿಲ್ಲದ ಬ್ಲಾಕಿಗೆ ಜಾಲರಿ ಬೇಡ. ಒಳಗೆ ಅಗಲ, ಬಾಯಿಯಲ್ಲಿ ಕಿರಿದು ಆಗುವಂತೆ ತೂತು ಕೊರೆಯುವ ಬಿಟ್ ಸಿಕ್ಕರೆ ಬಹಳ ಒಳ್ಳೆಯದು. ಅಂಟು ಒಳಗೇ ಬೆಣೆಯಾಗಿ ನಿಲ್ಲುತ್ತದೆ.

ಎಡವುವುದು ಎರಡು ಕಡೆ. ಅಂಟು ಎರಡು ಭಾಗಗಳದ್ದು, ಮೂತಿಯಲ್ಲಿ ಬೆರೆತು ಹೊರಗೆ ಬರುತ್ತದೆ. ಮೊದಲು ಬರುವಷ್ಟು ಸರಿಯಾಗಿ ಬೆರೆತಿರುವುದಿಲ್ಲ. ಬಣ್ಣ ಒಂದೇ ಸಮ ಆಗುವ ತನಕ ಒಂದು ರಟ್ಟಿನ ಮೇಲೆ ಹಾಕಿ ಬಿಸಾಡಿ. ಜಿಪುಣತನ ಬೇಡ. ಇನ್ನೊಂದು, ತೂತಿನ ಪುಡಿ. ಬ್ರಷ್ ಹಾಕಿ ಉಜ್ಜಿ, ಊದಿ, ಮತ್ತೆ ಉಜ್ಜಿ. ಪುಡಿ ಉಳಿದರೆ ಅಂಟು ಪುಡಿಗೆ ಅಂಟುತ್ತದೆ, ಗೋಡೆಗಲ್ಲ. ಎಷ್ಟು ಹೊತ್ತು ಬಿಡಬೇಕು ಅಂತ ಟ್ಯೂಬಿನ ಮೇಲೆ ತಾಪಮಾನದ ಲೆಕ್ಕದಲ್ಲಿ ಬರೆದಿರುತ್ತದೆ. ಚಳಿಯಲ್ಲಿ ಜಾಸ್ತಿ ಹೊತ್ತು ಬೇಕು. ಅಲ್ಲಿಯ ತನಕ ಸರಳನ್ನು ಮುಟ್ಟಿ ನೋಡುವುದೂ ಬೇಡ.

ಪ್ರಶ್ನೆ: ಬಡಗಿ ಮರದ ಗೂಟ ಹೊಡೆದು ಅದಕ್ಕೇ ಸ್ಕ್ರೂ ಹಾಕುತ್ತೇನೆ ಅನ್ನುತ್ತಾರೆ. ಹಿಂದೆಲ್ಲ ಹಾಗೇ ಮಾಡುತ್ತಿದ್ದರಂತೆ.

ಉತ್ತರ: ಕಲ್ಲು, ಇಟ್ಟಿಗೆ ಗೋಡೆಗೆ ಮಾಡುತ್ತಿದ್ದರು, ನಡೆಯುತ್ತಿತ್ತು. ಇಲ್ಲಿ ಗೂಟ ಹೊಡೆಯುವ ಏಟಿಗೇ ಬ್ಲಾಕ್ ಬಿರುಕು ಬಿಡಬಹುದು. ಆಮೇಲೆ ಮರ ಒಣಗಿ ಕುಗ್ಗಿದಾಗ ಗೂಟ ಸಡಿಲ. ಫೋಟೊ ಫ್ರೇಮು, ಕ್ಯಾಲೆಂಡರಿಗೆ ಪರವಾಗಿಲ್ಲ. ಅಷ್ಟಕ್ಕೆ ಗೂಟವೂ ಬೇಡ, ಉದ್ದನೆ ಮೊಳೆಯನ್ನು ಕೆಳಮುಖ ಓರೆಯಾಗಿ, ತಲೆ ಮೇಲೆ ಬರುವಂತೆ ಹೊಡೆದರೆ ಸಾಕು.

ಪ್ರಶ್ನೆ: ಅಡುಗೆಮನೆಯ ಗೋಡೆ ಕಪಾಟು ಪಾತ್ರೆಯ ಭಾರಕ್ಕೆ ಮೇಲ್ಗಡೆ ಗೋಡೆಯಿಂದ ಒಂದು ನೂಲಿನಷ್ಟು ಬಿಟ್ಟುಕೊಂಡಿದೆ. ಸ್ಕ್ರೂ ಮತ್ತೆ ಬಿಗಿ ಮಾಡಿದರೆ ಸಾಕಾ?

ಉತ್ತರ: ಇವತ್ತೇ ಪಾತ್ರೆ ಇಳಿಸಿ. ಬಿಟ್ಟುಕೊಂಡಿದೆ ಅಂದರೆ ಮೇಲಿನ ಪ್ಲಗ್ಗುಗಳು ಆಗಲೇ ಜಾರಿವೆ. ಬಿಗಿ ಮಾಡಿದಷ್ಟೂ ಜಾರುತ್ತವೆ. ಕಪಾಟು ಕಳಚಿ, ಅದರ ಪೂರ್ತಿ ಅಗಲಕ್ಕೆ ಗೋಡೆ ಮೇಲೆ ಒಂದು ಉದ್ದ ಪಟ್ಟಿ ಹಾಕಿಸಿ. ಉಕ್ಕಿನದ್ದಾಗಲಿ, ದಪ್ಪ ಪ್ಲೈವುಡ್ಡಿನದ್ದಾಗಲಿ ಆಗುತ್ತದೆ. 20–25 ಸೆಂ.ಮೀ.ಗೆ ಒಂದರಂತೆ ಎಎಸಿ ಪ್ಲಗ್, ಹಳೆಯ ತೂತುಗಳನ್ನು ತಪ್ಪಿಸಿ. ಕಪಾಟನ್ನು ಆ ಪಟ್ಟಿಗೆ ಸಿಕ್ಕಿಸಿ. ಕೆಳಗಡೆಯೂ ಒಂದು ಪಟ್ಟಿ ಇದ್ದರೆ ಕಪಾಟು ನೇರ ಕೂರುತ್ತದೆ. ಭಾರದ ಕುಕ್ಕರು, ಹಿಟ್ಟಿನ ಡಬ್ಬ ಗೋಡೆಗೆ ಹತ್ತಿರ ಇಡಿ. ಬಾಗಿಲ ಕಡೆಗೆ ಬಂದಷ್ಟೂ ಎಳೆತ ಜಾಸ್ತಿ, ಟಿವಿ ತೋಳಿನ ಲೆಕ್ಕವೇ ಇಲ್ಲೂ.

ಪ್ರಶ್ನೆ: ಮಗನಿಗೆ ಪುಲ್ ಅಪ್ ಬಾರ್ ಬೇಕಂತೆ. ಎಎಸಿ ಗೋಡೆಗೆ ಎಂಟು ಪ್ಲಗ್ ಹಾಕಿದರೆ ತಡೆಯುತ್ತಾ?

ಉತ್ತರ: ಬೇಡ. ಎಂಟಲ್ಲ, ಹದಿನಾರು ಹಾಕಿದರೂ ಬೇಡ. ಮನುಷ್ಯ ನೇತಾಡುವಾಗ ಭಾರ ಸುಮ್ನೆ ಇರುವುದಿಲ್ಲ, ಜಗ್ಗುತ್ತದೆ. ಪ್ರತಿ ಜಗ್ಗಿಗೂ ಪ್ಲಗ್ಗಿನ ಸುತ್ತ ಒಂಚೂರು ಬ್ಲಾಕ್ ಪುಡಿಯಾಗುತ್ತದೆ. ತಿಂಗಳುಗಟ್ಟಲೆ ಏನೂ ಆಗದೆ ಒಂದು ದಿನ ಕಳಚುತ್ತದೆ. ಉಯ್ಯಾಲೆಗೂ, ಬಾಕ್ಸಿಂಗ್ ಚೀಲಕ್ಕೂ ಇದೇ ಉತ್ತರ. ಕಾಂಕ್ರೀಟ್ ತೊಲೆಗೆ ಹಾಕಿಸಿ, ಇಲ್ಲವೇ ನೆಲದ ಮೇಲೆ ತಾನೇ ನಿಲ್ಲುವ ಸ್ಟ್ಯಾಂಡ್ ಕೊಡಿಸಿ.